ಮೊದಲು ಅಂಚು, ಆಮೇಲೆ ಚಿತ್ರ: ಹಳೆಯ ಹಿಂದಿ ಸಿನಿಮಾ ಪೋಸ್ಟರ್ ಕೊಳ್ಳುವವರಿಗೆ

ನಮ್ಮಮ್ಮ ಸೀರೆ ಅಂಗಡಿಯಲ್ಲಿ ಕೂತರೆ ಮೊದಲು ಕೈ ಹಾಕುತ್ತಿದ್ದದ್ದು ಅಂಚಿಗೆ. ಅಂಚು ತಿರುವಿ ಹಿಂಬದಿಯ ನೂಲು ನೋಡುತ್ತಿದ್ದರು. ಆಮೇಲೆಯೇ ಮೈ ಬಣ್ಣದ ಮಾತು. ಪೋಸ್ಟರ್ ಕೊಳ್ಳಲು ಹೊರಟಾಗ ನಾನು ಈ ಪಾಠ ಮರೆತುಬಿಟ್ಟಿದ್ದೆ.

ಹದಿನೈದು ವರ್ಷದ ಹಿಂದೆ ಮುಂಬೈಯ ಒಂದು ಅಂಗಡಿಯಲ್ಲಿ 1951ರ ಸಿನಿಮಾವೊಂದರ ಪೋಸ್ಟರ್ ಕಣ್ಣಿಗೆ ಬಿತ್ತು. ಒಳ್ಳೆಯ ಚೌಕಟ್ಟು, ಮೇಲೆ ಗಾಜು, ನಾಯಕಿಯ ಕೆನ್ನೆಯ ಮೇಲೆ ದೀಪದಂಥ ಹಳದಿ ಬೆಳಕು. ಕೇಳಿದಷ್ಟು ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಚೌಕಟ್ಟು ಬಿಚ್ಚಿದಾಗ ಕಾಗದದ ನಾಲ್ಕೂ ಅಂಚು ಕತ್ತರಿಸಿ ಹೋಗಿದ್ದವು. ಮಡಿಕೆಯ ಗೆರೆಗಳ ಮೇಲೆ ಬೆರಳಾಡಿಸಿದೆ. ಬೆರಳಿಗೆ ಏನೂ ತಾಗಲಿಲ್ಲ. ಮಡಿಕೆಯನ್ನೂ ಸೇರಿಸಿ ಫೋಟೋ ತೆಗೆದು ಮುದ್ರಿಸಿದ್ದರು.

ಅವತ್ತಿನಿಂದ ಯಾವ ಪೋಸ್ಟರ್ ಎದುರು ನಿಂತರೂ ನಾನು ಮೊದಲು ನೋಡುವುದು ಕೆಳಗಿನ ಅಂಚನ್ನು. ನೀವು ಈಗ ತಾನೇ ಈ ಹವ್ಯಾಸಕ್ಕೆ ಇಳಿಯುತ್ತಿದ್ದರೆ ನಾನು ಕಳೆದುಕೊಂಡ ದುಡ್ಡನ್ನು ನೀವೂ ಕಳೆದುಕೊಳ್ಳಬಾರದು ಅನ್ನುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

1. ಕೈಯಲ್ಲಿ ಬರೆದದ್ದು ಅಂದರೆ ಯಾವುದು?

"ಕೈಯಲ್ಲಿ ಬರೆದ ಪೋಸ್ಟರ್" ಅಂತ ಎಲ್ಲರೂ ಅನ್ನುತ್ತಾರೆ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಮುದ್ರಣವೇ. ಕಲಾವಿದರು ಒಂದೇ ಒಂದು ಮೂಲಚಿತ್ರ ಬರೆಯುತ್ತಿದ್ದರು. ಛಾಪಾಖಾನೆಯ ಕೆಲಸಗಾರರು ಆ ಚಿತ್ರ ನೋಡಿಕೊಂಡು ಅದರ ಕೆಂಪು, ಹಳದಿ, ನೀಲಿ, ಕಪ್ಪನ್ನು ಬೇರೆ ಬೇರೆ ಮಾಡುತ್ತಿದ್ದರು. ಒಂದೊಂದು ಬಣ್ಣಕ್ಕೂ ಕಲ್ಲಿನ ಮೇಲೋ ಸತುವಿನ ತಗಡಿನ ಮೇಲೋ ಜಿಡ್ಡಿನ ಕಡ್ಡಿಯಿಂದ ಮತ್ತೆ ಬರೆಯುತ್ತಿದ್ದರು. ಇದೇ ಕಲ್ಲಚ್ಚು. ಆಮೇಲೆ ಕಾಗದ ಒಂದೊಂದು ಬಣ್ಣಕ್ಕೂ ಒಂದೊಂದು ಸಲ ಯಂತ್ರದೊಳಗೆ ಹೋಗಿಬರುತ್ತಿತ್ತು. ಮುಂದೆ ಆಫ್‌ಸೆಟ್ ಅನ್ನುವ ಮುದ್ರಣ ವಿಧಾನ ಬಂತು. ಮೂಲಚಿತ್ರವನ್ನು ಕ್ಯಾಮೆರಾದಿಂದಲೇ ಬಣ್ಣ ಬಣ್ಣವಾಗಿ ಒಡೆಯುವುದು ಶುರುವಾಯಿತು.

ಹಾಗಾಗಿ ಮುದ್ರಿತ ಅಂದಕೂಡಲೇ ನಕಲಿ ಅಂದುಕೊಳ್ಳಬೇಡಿ. ಸಿನಿಮಾ ಬಿಡುಗಡೆಯಾದ ಕಾಲದಲ್ಲೇ, ಟಾಕೀಸಿನ ಗೋಡೆಗೆ ಅಂಟಿಸಲೆಂದೇ ಮುದ್ರಿಸಿದ ಹಾಳೆಯಾದರೆ ಅದು ಅಸಲಿ.

ನಿಜವಾಗಿ ಕುಂಚ ತಾಗಿದ ವಸ್ತುಗಳು ಬೇರೆಯೇ ಇವೆ. ಮೂಲಚಿತ್ರಗಳು ಒಂದು. ಇವು ತುಂಬ ಅಪರೂಪ. ಮುದ್ರಣವಾದ ಮೇಲೆ ಮೂಲಚಿತ್ರ ಯಾರಿಗೂ ಬೇಕಿರಲಿಲ್ಲ. ಟಾಕೀಸಿನ ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಶೋಕಾರ್ಡ್‌ಗಳು ಇನ್ನೊಂದು. ದಪ್ಪ ರಟ್ಟಿನ ಮೇಲೆ ಸಿನಿಮಾದ ಫೋಟೋಗಳನ್ನು ಕತ್ತರಿಸಿ ಅಂಟಿಸಿ, ಸುತ್ತ ಬಣ್ಣದಲ್ಲಿ ಹಿನ್ನೆಲೆ ಬರೆದಿರುತ್ತಿದ್ದರು. ಮೂರನೆಯದು ಬಟ್ಟೆಯ ಬ್ಯಾನರು. ಟಾಕೀಸಿನ ಮುಂದೆ ನಿಲ್ಲಿಸುತ್ತಿದ್ದ ಇವು ಉಳಿದಿರುವುದು ಕಡಿಮೆ. ಒಂದು ಸಿನಿಮಾ ಎತ್ತಿದ ಮೇಲೆ ಅದೇ ಬಟ್ಟೆಗೆ ಸುಣ್ಣ ಬಳಿದು ಮುಂದಿನ ಸಿನಿಮಾ ಬರೆಯುತ್ತಿದ್ದರು. ಚಿತ್ರಕಾರ ಎಂ.ಎಫ್. ಹುಸೇನ್ ಹೆಸರು ಮಾಡುವ ಮೊದಲು ಮುಂಬೈಯಲ್ಲಿ ಹೊಟ್ಟೆಪಾಡಿಗೆ ಬರೆಯುತ್ತಿದ್ದದ್ದು ಇಂಥ ದೊಡ್ಡ ಸಿನಿಮಾ ಹೋರ್ಡಿಂಗ್‌ಗಳನ್ನೇ.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಹಾಡಿನ ಪುಸ್ತಕದಿಂದ ಶುರುಮಾಡಿ. ಟಾಕೀಸಿನಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಆ ನಾಲ್ಕೆಂಟು ಪುಟದ ಪುಸ್ತಕದ ಮುಖಪುಟದಲ್ಲಿ ಎಷ್ಟೋ ಸಲ ಪೋಸ್ಟರಿನ ಚಿತ್ರವೇ ಇರುತ್ತದೆ. ಈಗಲೂ ಕೆಲವು ನೂರು ರೂಪಾಯಿಗೆ ಸಿಗುವುದುಂಟು. ಕಣ್ಣು ಪಳಗಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

2. ಒಂದು ದಾರ ಹಿಡಿಯಿರಿ

ಕಂಡದ್ದೆಲ್ಲ ಕೊಂಡರೆ ವರ್ಷದಲ್ಲಿ ಮನೆ ತುಂಬುತ್ತದೆ, ಕಲಿತದ್ದು ಮಾತ್ರ ಕಡಿಮೆ. ಒಬ್ಬ ನಟಿ, ಒಂದು ದಶಕ, ಒಂದು ಸಂಸ್ಥೆ, ಹೀಗೆ ಏನಾದರೊಂದು ಹಿಡಿಯಿರಿ. ನನ್ನ ಸಲಹೆ ಕೇಳಿದರೆ ಕಲಾವಿದರನ್ನು ಹಿಡಿಯಿರಿ. ನಟರ ಹೆಸರಿಗೆ ಎಲ್ಲರೂ ದುಡ್ಡು ಕೊಡುತ್ತಾರೆ. ಬರೆದವರ ಹೆಸರು ಮೂಲೆಯಲ್ಲಿ ಸಣ್ಣದಾಗಿ ಕೂತಿರುತ್ತದೆ, ಅದನ್ನು ನೋಡುವವರು ಕಡಿಮೆ.

ಕನ್ನಡಿಗರಿಗೆ ಇಲ್ಲೊಂದು ಹತ್ತಿರದ ಹೆಸರಿದೆ. ಎಸ್.ಎಂ. ಪಂಡಿತ್ ಕಲಬುರಗಿಯವರು. ಹುಟ್ಟಿದ್ದು 1916ರಲ್ಲಿ, ತೀರಿಕೊಂಡದ್ದು 1993ರಲ್ಲಿ. ಪುರಾಣದ ಚಿತ್ರಗಳ ಕ್ಯಾಲೆಂಡರ್‌ಗಳಿಂದ ಅವರನ್ನು ನಮ್ಮಲ್ಲಿ ಬಲ್ಲವರು ಬಹಳ. ಆದರೆ ಮುಂಬೈಯಲ್ಲಿ ಅವರು ಹಿಂದಿ ಸಿನಿಮಾಗಳ ಪ್ರಚಾರಕ್ಕೂ ಬರೆದರು. "ಫಿಲ್ಮ್‌ಇಂಡಿಯಾ" ಪತ್ರಿಕೆಯ ಮುಖಪುಟಗಳಿಗೂ ಬರೆದರು. 1949ರ "ಬರ್ಸಾತ್" ಸಿನಿಮಾದ ಪ್ರಚಾರ ಚಿತ್ರ ಅವರ ಕೈಯದು. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು. ಅಲ್ಲಿ ನಾಟಕ ನೋಡಿದ ಎಷ್ಟು ಜನಕ್ಕೆ ಅವರ ಸಿನಿಮಾ ಕೆಲಸ ಗೊತ್ತು? ಅವರು ಚರ್ಮದ ಬಣ್ಣ ತರುತ್ತಿದ್ದ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆನ್ನೆಯ ನೆರಳಿನಲ್ಲೂ ಬೆಚ್ಚಗಿನ ಕೆಂಪು ಉಳಿದಿರುತ್ತದೆ.

ಅವರಿಗಿಂತ ಹಿಂದಕ್ಕೆ ಹೋದರೆ ಕೊಲ್ಲಾಪುರದ ಬಾಬುರಾವ್ ಪೇಂಟರ್ ಇದ್ದಾರೆ. ಸಿನಿಮಾ ತೆಗೆಯುವುದು, ಅದರ ಪೋಸ್ಟರ್ ಬರೆಯುವುದು ಎರಡನ್ನೂ 1920ರ ದಶಕದಲ್ಲೇ ಮಾಡಿದವರು. ಆ ಕಾಲದ ಹಾಳೆ ನಮ್ಮಂಥವರ ಕೈಗೆ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. 1970ರ ದಶಕಕ್ಕೆ ಬಂದರೆ ದಿವಾಕರ್ ಕರ್ಕರೆ. 1975ರ "ದೀವಾರ್" ಪೋಸ್ಟರ್ ಅವರದು. ಬಣ್ಣವನ್ನು ಚಾಕುವಿನಿಂದ ದಪ್ಪಗೆ ಎಳೆದ ಹಾಗೆ ಇರುವ ಆ ಮುಖಗಳ ಶೈಲಿಯನ್ನು ಆಮೇಲೆ ಎಷ್ಟೋ ಜನ ಅನುಸರಿಸಿದರು. ಆ ಕಾಲದ ಹಾಳೆಗಳು ಇನ್ನೂ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ. ಹೊಸಬರಿಗೆ ನಾನು ಹೇಳುವುದು ಅಲ್ಲಿಂದಲೇ ಶುರುಮಾಡಿ ಅಂತ. 1990ರ ದಶಕದಲ್ಲಿ ಕಂಪ್ಯೂಟರ್ ಬಂದ ಮೇಲೆ ಕುಂಚದ ಕೆಲಸ ಹೆಚ್ಚು ಕಡಿಮೆ ನಿಂತೇಹೋಯಿತು.

ಕೊಳ್ಳುವ ಮೊದಲು ಸುಮ್ನೆ ನೋಡುತ್ತಾ ತಿರುಗಾಡಿ. ಮುಂಬೈಯ ಪೆಡ್ಡರ್ ರಸ್ತೆಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಸಿನಿಮಾ ವಸ್ತುಸಂಗ್ರಹಾಲಯ ಇದೆ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಪೋಸ್ಟರ್, ಹಾಡಿನ ಪುಸ್ತಕಗಳ ದೊಡ್ಡ ಸಂಗ್ರಹವಿದೆ. ಅಸಲಿ ಹಾಳೆಯ ಬಣ್ಣ ಹೇಗಿರುತ್ತದೆ ಅನ್ನುವುದು ಮೊಬೈಲ್ ಪರದೆಯಲ್ಲಿ ಕಾಣುವುದಿಲ್ಲ. ಎದುರು ನಿಂತೇ ನೋಡಬೇಕು.

3. ಅಂಚು ಓದುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾಳೆಯ ತೀರಾ ಕೆಳಗೆ, ಬಿಳಿ ಅಂಚಿನಲ್ಲೋ ಚಿತ್ರದ ತಳದಲ್ಲೋ, ಇರುವೆ ಸಾಲಿನಂಥ ಅಕ್ಷರಗಳಿರುತ್ತವೆ. ಯಾವ ಛಾಪಾಖಾನೆ, ಯಾವ ಊರು ಅನ್ನುವ ವಿವರ. ಮುದ್ರಕರ ಹೆಸರು, ಊರು ಹಾಕಬೇಕೆಂಬ ನಿಯಮ 1867ರ ಕಾಯ್ದೆಯಿಂದಲೇ ಬಂದದ್ದು. ಪೋಸ್ಟರ್ ಯಾವಾಗ ಅಚ್ಚಾಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದಕ್ಕೇ ಅಂಚು ಕತ್ತರಿಸಿದ ಪೋಸ್ಟರ್ ಕಂಡರೆ ನನಗೆ ಮೊದಲು ಬರುವುದು ಸಂಶಯ.

ಆ ಸಾಲಿನಲ್ಲಿ ಏನೇನು ನೋಡಬೇಕು?

ಪಿನ್‌ಕೋಡ್ ನೋಡಿ. ನಮ್ಮ ದೇಶದಲ್ಲಿ ಆರು ಅಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ವಿಳಾಸ "ಬಾಂಬೆ-4" ಅಂತ ಮುಗಿಯುತ್ತಿತ್ತು. ಆಮೇಲೆ ಅದೇ ಜಾಗ "ಬಾಂಬೆ-400 004" ಆಯಿತು. ಹಾಗಾಗಿ 1957ರ ಸಿನಿಮಾದ ಪೋಸ್ಟರಿನಲ್ಲಿ 400ರಿಂದ ಶುರುವಾಗುವ ಸಂಖ್ಯೆ ಕಂಡರೆ ಅದು ಮೊದಲ ಬಿಡುಗಡೆಯದಲ್ಲ. ಮಾರುವವರು ಎಷ್ಟೇ ಆಣೆ ಪ್ರಮಾಣ ಮಾಡಲಿ, ಅಂಕಿ ಬದಲಾಗುವುದಿಲ್ಲ.

ಊರಿನ ಹೆಸರು ನೋಡಿ. ಇಂಗ್ಲಿಷಿನಲ್ಲಿ "ಮುಂಬೈ" ಅಂತಿದ್ದರೆ ಸಾಮಾನ್ಯವಾಗಿ 1995ರ ನಂತರದ್ದು. ಮರಾಠಿಯಲ್ಲಿ ಮೊದಲಿನಿಂದಲೂ ಮುಂಬಯಿ ಅಂತಲೇ ಬರೆಯುತ್ತಿದ್ದರು. ಅದಕ್ಕೆ ಈ ಲೆಕ್ಕ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ.

ಸೆನ್ಸಾರ್ ಗುರುತು ಇದ್ದರೆ ಅದನ್ನೂ ನೋಡಿ. "ಯು" ಮತ್ತು "ಎ" ಹಳೆಯವು. "ಯುಎ" ಬಂದದ್ದು 1983ರಲ್ಲಿ.

ಇವುಗಳಿಂದ ಸಿಗುವ ಉತ್ತರ ಅಸಲಿಯೋ ನಕಲಿಯೋ ಅನ್ನುವ ಎರಡೇ ಮಾತಲ್ಲ. ನಡುವೆ ಮರುಬಿಡುಗಡೆಯ ಪೋಸ್ಟರ್ ಅನ್ನುವುದೊಂದಿದೆ. ಟಿ.ವಿ., ವಿಡಿಯೋ ಬರುವ ಮುಂಚೆ ದೊಡ್ಡ ಸಿನಿಮಾಗಳು ಟಾಕೀಸುಗಳಿಗೆ ಮತ್ತೆ ಮತ್ತೆ ಬರುತ್ತಿದ್ದವು. ಪ್ರತಿ ಸಲ ಹೊಸದಾಗಿ ಪೋಸ್ಟರ್ ಹೊಡೆಸುತ್ತಿದ್ದರು. "ಮದರ್ ಇಂಡಿಯಾ" 1957ರ ಸಿನಿಮಾ, ಆದರೆ ಅದರ ಎಲ್ಲ ಹಳೆಯ ಪೋಸ್ಟರ್‌ಗಳೂ 1957ರವಲ್ಲ. "ಮುಘಲ್-ಎ-ಆಜಂ" 1960ರಲ್ಲಿ ಬಂತು, ಪೂರ್ತಿ ಬಣ್ಣ ತುಂಬಿಸಿಕೊಂಡು 2004ರಲ್ಲಿ ಮತ್ತೆ ಬಂತು. 1975ರಲ್ಲಿ ಮರುಬಿಡುಗಡೆಗೆ ಅಚ್ಚಾದ ಹಾಳೆಗೂ ಈಗ ಐವತ್ತು ವರ್ಷ. ಅದನ್ನು ಸಂಗ್ರಹಿಸುವುದರಲ್ಲಿ ತಪ್ಪೇನಿಲ್ಲ. ಮರುಬಿಡುಗಡೆಯ ಬೆಲೆಗೆ ಕೊಂಡರೆ ಸಾಕು.

ಅಳತೆಯನ್ನೂ ಮರೆಯಬೇಡಿ. ಟೇಲರ್ ಟೇಪ್ ಒಂದು ಜೇಬಿನಲ್ಲಿರಲಿ. ಒಂದು ಶೀಟಿನ ಪೋಸ್ಟರ್ ಸುಮಾರು 30×40 ಇಂಚು, ಅರ್ಧ ಶೀಟಿನದು ಸುಮಾರು 20×30. ಕಾಲಿಂಚು, ಅರ್ಧ ಇಂಚು ಹೆಚ್ಚು ಕಡಿಮೆ ಇರಬಹುದು. ದೊಡ್ಡ ಗೋಡೆಗೆ ಅಂಟಿಸುವವು ಹಲವು ಹಾಳೆ ಸೇರಿ ಒಂದಾಗುತ್ತಿದ್ದವು. ಅಂಥದ್ದು ಕೊಳ್ಳುವಾಗ ಎಲ್ಲ ತುಂಡೂ ಇವೆಯೇ ಅಂತ ನೆಲದ ಮೇಲೆ ಹಾಸಿ ನೋಡಿ. 12×18ರ "ಹಳೆಯ ಪೋಸ್ಟರ್" ಯಾರಾದರೂ ತೋರಿಸಿದರೆ ಗೋಡೆ ಅಲಂಕಾರಕ್ಕೆ ಅಂತ ಹೊಸದಾಗಿ ಹೊಡೆಸಿದ್ದೇ ಇರಬೇಕು.

4. ಭೂತಗನ್ನಡಿ, ಬೆರಳು, ಟಾರ್ಚ್

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಕೊಳ್ಳಿ. ಚಿನಿವಾರರು ಒಡವೆ ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಅದನ್ನು ನಾಯಕಿಯ ತುಟಿಯ ಮೇಲೆ ಇಡಿ.

ಕಲ್ಲಚ್ಚಿನ ಹಾಳೆಯಾದರೆ ಸೀಮೆಸುಣ್ಣ ಉಜ್ಜಿದ ಹಾಗೆ ತರಿತರಿಯಾದ ಬಣ್ಣ ಕಾಣುತ್ತದೆ. ಚುಕ್ಕಿಗಳು ಸಾಲಾಗಿ ಕೂತಿರುವುದಿಲ್ಲ. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಕಡೆ ನೋಡಿ. ಎಷ್ಟೋ ಹಾಳೆಗಳಲ್ಲಿ ಕೆಂಪು ತುಟಿಯ ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಹೋಗಿರುತ್ತದೆ, ಪಕ್ಕದಲ್ಲಿ ಹಳದಿ ಇಣುಕುತ್ತದೆ. ಕಾಗದ ಯಂತ್ರಕ್ಕೆ ಮತ್ತೆ ಮತ್ತೆ ಹೋಗುವಾಗ ಸ್ವಲ್ಪ ಜರುಗಿದ್ದರ ಗುರುತು ಅದು. ನನ್ನ ಹತ್ತಿರ ಇರುವ ಒಂದು ಹಾಳೆಯಲ್ಲಿ ಹೀಗೆ ಜರುಗಿದ ಕೆಂಪಿನಿಂದ ನಾಯಕಿಗೆ ಒಂದು ತುಂಟ ನಗು ಬಂದುಬಿಟ್ಟಿದೆ. ಅದೇ ಸಿನಿಮಾದ ಇನ್ನೊಂದು ಪ್ರತಿಯಲ್ಲಿ ಆ ನಗು ಇಲ್ಲ.

ಆಫ್‌ಸೆಟ್ ಆದರೆ ಚುಕ್ಕಿಗಳು ಗುಂಪು ಗುಂಪಾಗಿ, ಪುಟ್ಟ ಹೂವಿನ ಹಾಗೆ ಸಾಲಾಗಿ ಕಾಣುತ್ತವೆ. ಇಲ್ಲಿ ಬಹಳ ಜನ ಎಡವುತ್ತಾರೆ. ಚುಕ್ಕಿ ಕಂಡಿತು, ನಕಲಿ ಅಂತ ಬಿಟ್ಟುಬಿಡುತ್ತಾರೆ. 1970ರ ದಶಕದ ಅಸಲಿ ಹಾಳೆಗಳಲ್ಲೂ ಚುಕ್ಕಿ ಇರುತ್ತದೆ. ಹಾಗಾದರೆ ಗುರುತಿಸುವುದು ಹೇಗೆ? ಮತ್ತೆ ಅಂಚಿಗೇ ಹೋಗಿ. ಮುದ್ರಕರ ಹೆಸರಿನ ಆ ಸಣ್ಣ ಅಕ್ಷರಗಳ ಮೇಲೆ ಭೂತಗನ್ನಡಿ ಇಡಿ. ಅಸಲಿಯಲ್ಲಿ ಅಕ್ಷರ ಗಟ್ಟಿ ಶಾಯಿಯಲ್ಲಿ ಇರುತ್ತದೆ, ಅಕ್ಷರದ ಅಂಚು ಚೂಪಾಗಿರುತ್ತದೆ. ಹಳೆಯ ಪೋಸ್ಟರಿನ ಫೋಟೋ ತೆಗೆದು ಮತ್ತೆ ಹೊಡೆದಿದ್ದರೆ ಅಕ್ಷರವೂ ಚುಕ್ಕಿಗಳಿಂದಲೇ ಆಗಿರುತ್ತದೆ, ಸುತ್ತ ಮಸುಕು ಇರುತ್ತದೆ. ನಾನು ಮಾಡುವ ಪರೀಕ್ಷೆಗಳಲ್ಲಿ ಅತಿ ಹೆಚ್ಚು ನಂಬುವುದು ಇದನ್ನೇ. ಇಂಕ್‌ಜೆಟ್ ಪ್ರಿಂಟ್ ಆದರೆ ಇನ್ನೂ ಸುಲಭ. ಪಿಚಕಾರಿಯಲ್ಲಿ ಎರಚಿದ ಹಾಗೆ ಸಣ್ಣ ಹನಿಗಳು ದಿಕ್ಕಿಲ್ಲದೆ ಬಿದ್ದಿರುತ್ತವೆ.

ಬೆರಳಿನ ಕೆಲಸ ಮಡಿಕೆಯ ಮೇಲೆ. ಹಳೆಯ ಪೋಸ್ಟರ್‌ಗಳನ್ನು ಮಡಿಸಿಯೇ ಊರೂರಿಗೆ ಕಳಿಸುತ್ತಿದ್ದರು. ಹಾಗಾಗಿ ಮಡಿಕೆ ಇರಬೇಕಾದದ್ದೇ. ಅದನ್ನು ದೋಷ ಅಂದುಕೊಳ್ಳಬೇಡಿ. ಮಡಿಕೆಯ ಮೇಲೆ ಬಣ್ಣ ಸವೆದು ಒಳಗಿನ ಕಾಗದದ ನಾರು ಎದ್ದಿರುತ್ತದೆ, ಬೆರಳಿಗೆ ತಾಗುತ್ತದೆ. ಮಡಿಕೆಗಳು ಕೂಡುವ ಕಡೆ ಸಣ್ಣ ತೂತು ಇದ್ದರೂ ಇರಬಹುದು.

ಇನ್ನು ಕಾಗದದ ಹಳದಿ ಬಣ್ಣ. ಟೀ ನೀರು ಬಳಿದು ಹಳೆಯದು ಮಾಡುವುದು ಬಹಳ ಕಡೆ ನಡೆಯುತ್ತದೆ. ಅಂಥ ಹಾಳೆ ಎಲ್ಲ ಕಡೆ ಒಂದೇ ಥರ ಕಂದಾಗಿರುತ್ತದೆ, ಅಥವಾ ನೀರು ನಿಂತ ಕಡೆ ವರ್ತುಲದ ಕಲೆ ಇರುತ್ತದೆ. ನಿಜವಾಗಿ ವಯಸ್ಸಾದ ಕಾಗದ ಗಾಳಿ ತಾಗುವ ಅಂಚಿನಿಂದ, ಮಡಿಕೆಯಿಂದ ಕಂದಾಗುತ್ತಾ ಒಳಗೆ ಬರುತ್ತದೆ. ವಾಸನೆಯೂ ಬೇರೆ. ಹಳೆಯ ಪುಸ್ತಕದ ಕಪಾಟು ತೆರೆದಾಗ ಬರುತ್ತದಲ್ಲ, ಅದು.

ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಇದ್ದರೆ ಕತ್ತಲಲ್ಲಿ ಹಾಳೆಯ ಮೇಲೆ ಬಿಡಿ. ಹೊಸ ಕಾಗದಕ್ಕೆ ಬೆಳ್ಳಗೆ ಕಾಣಲು ರಾಸಾಯನಿಕ ಸೇರಿಸಿರುತ್ತಾರೆ. ಅದು ನೀಲಿಯಾಗಿ ಹೊಳೆಯುತ್ತದೆ. 1950ರ ಸುಮಾರಿನದು ಅಂತ ಹೇಳುವ ಹಾಳೆ ಒಗೆದ ಅಂಗಿಯ ಹಾಗೆ ಹೊಳೆದರೆ ಕೈ ಬಿಡಿ. ಹೊಳೆಯಲಿಲ್ಲ ಅಂದಮಾತ್ರಕ್ಕೆ ಅಸಲಿ ಅನ್ನುವ ಹಾಗಿಲ್ಲ. ಯಾವ ಪರೀಕ್ಷೆಯೂ ಒಂದೇ ಸಾಲದು.

5. ಎಲ್ಲಿ ಹುಡುಕುವುದು

ಎಲ್ಲರೂ ಮೊದಲು ಹೇಳುವುದು ಮುಂಬೈಯ ಚೋರ್ ಬಜಾರ್. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹೋಗಬಹುದು, ಮಟನ್ ಸ್ಟ್ರೀಟ್ ಅಂತ ಕೇಳಿ. ಶುಕ್ರವಾರ ಅಂಗಡಿಗಳು ಮುಚ್ಚಿ ಬೀದಿ ಸಂತೆ ನಡೆಯುತ್ತದೆ. ಪೋಸ್ಟರ್‌ಗೆ ಬೇರೆ ದಿನ ಹೋಗಿ. ಪಕ್ಕದ ಭೇಂಡಿ ಬಜಾರ್ ಸುತ್ತಮುತ್ತ ಹಳೆಯ ಕಟ್ಟಡ ಕೆಡವಿ ಕಟ್ಟುತ್ತಿರುವುದರಿಂದ ಅಂಗಡಿಗಳು ಜಾಗ ಬದಲಿಸಿರುತ್ತವೆ. ಬೆಳಿಗ್ಗೆ ಬೇಗ ಹೋದರೆ ಮಾತಾಡಲು ಅಂಗಡಿಯವರಿಗೆ ಪುರುಸೊತ್ತು ಇರುತ್ತದೆ. ಗೋಡೆಗೆ ನೇತುಹಾಕಿದ್ದನ್ನು ಕೇಳಬೇಡಿ. "ಮಡಿಸಿಟ್ಟ ಕಟ್ಟು ಇದೆಯಾ?" ಅಂತ ಕೇಳಿ. ಅದೇ ಅಂಗಡಿಗಳಲ್ಲಿ ಹೊಸದಾಗಿ ಬರೆಸಿದ, ಹೊಸದಾಗಿ ಹೊಡೆಸಿದ ಪೋಸ್ಟರ್‌ಗಳೂ ಇರುತ್ತವೆ. ನೇರವಾಗಿ ಕೇಳಿದರೆ ಹೆಚ್ಚಿನವರು ನೇರವಾಗಿಯೇ ಹೇಳುತ್ತಾರೆ. ಕೇಳದೆ ಇದ್ದರೆ ತಾವಾಗಿ ಹೇಳುವವರು ಕಡಿಮೆ.

ಗೋಡೆಗೆ ಅಂಟಿಸಿದ ಪೋಸ್ಟರ್ ಯಾವತ್ತೂ ಉಳಿಯಲಿಲ್ಲ. ಉಳಿದದ್ದು ಅಂಟಿಸದೆ ಮಿಕ್ಕ ಹಾಳೆ. ಅದು ವಿತರಕರ ಗೋದಾಮಿನಲ್ಲಿ, ಟಾಕೀಸಿನ ಆಪರೇಟರ್ ಕೋಣೆಯಲ್ಲಿ, ಕೊನೆಗೆ ಗುಜರಿ ಅಂಗಡಿಯಲ್ಲಿ ಉಳಿಯಿತು. ಅದಕ್ಕೇ ನಮ್ಮ ರಾಜ್ಯದಲ್ಲೂ ಹುಡುಕುವುದರಲ್ಲಿ ಅರ್ಥವಿದೆ. ಹಿಂದಿ ಸಿನಿಮಾ ವ್ಯಾಪಾರದಲ್ಲಿ ಕರ್ನಾಟಕ ಒಂದೇ ತುಂಡಲ್ಲ. ಸಿನಿಮಾ ಹಂಚುವ ವಲಯಕ್ಕೆ ಸರ್ಕಿಟ್ ಅನ್ನುತ್ತಾರೆ. ಹಳೆ ಮೈಸೂರಿನ ಕಡೆಯದು ಮೈಸೂರು ಸರ್ಕಿಟ್. ಬೆಳಗಾವಿ, ಧಾರವಾಡದ ಕಡೆಗೆ ಸಿನಿಮಾ ಬಾಂಬೆ ಸರ್ಕಿಟ್‌ನಿಂದ ಬರುತ್ತಿತ್ತು. ಕಲಬುರಗಿ, ಬೀದರ್, ರಾಯಚೂರು ನಿಜಾಮ್ ಸರ್ಕಿಟ್. ಹಳೆಯ ರಾಜ್ಯಗಳು ಹೋದರೂ ಸಿನಿಮಾ ರೀಲಿನ ಪೆಟ್ಟಿಗೆ ಓಡಾಡುವ ದಾರಿ ಬದಲಾಗಲಿಲ್ಲ. ಪೋಸ್ಟರಿನ ಹಿಂಬದಿ ತಿರುವಿ ನೋಡಿ, ವಿತರಕರ ರಬ್ಬರ್ ಮುದ್ರೆ ಇದ್ದರೆ ಆ ಹಾಳೆ ಯಾವ ದಾರಿಯಲ್ಲಿ ಬಂತು ಅಂತ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆ, ಅವೆನ್ಯೂ ರಸ್ತೆಯ ಹಳೆ ಪುಸ್ತಕದವರು, ಗಾಂಧಿನಗರದ ಹಳೆಯ ವಿತರಣಾ ಕಚೇರಿಗಳು, ಎಲ್ಲ ಕಡೆ ಕೇಳುತ್ತಿರಿ. ಊರಿನ ಟಾಕೀಸು ಮುಚ್ಚುತ್ತಿದೆ, ಕಲ್ಯಾಣ ಮಂಟಪ ಆಗುತ್ತಿದೆ ಅಂತ ಸುದ್ದಿ ಬಂದರೆ ತಡಮಾಡಬೇಡಿ. ಮಾಲೀಕರ ಹತ್ತಿರ ಮರ್ಯಾದೆಯಿಂದ ಹೋಗಿ ಕೇಳಿ. "ಯಜಮಾನ್ರೇ, ಹಳೇ ಪೋಸ್ಟರ್ ಏನಾದ್ರೂ ಉಳಿದಿದ್ಯಾ?" ಅಂದರೆ ಮೊದಲು ಇಲ್ಲ ಅನ್ನುತ್ತಾರೆ. ಕೂತು ಎರಡು ಮಾತಾಡಿದ ಮೇಲೆ ಅಟ್ಟದ ನೆನಪು ಬರುತ್ತದೆ. ಗುಜರಿಗೆ ಹಾಕಿದರೆ ತೂಕದ ಲೆಕ್ಕದಲ್ಲಿ ಸಿಗುವ ಚೂರು ಕಾಸಿಗಿಂತ ಒಳ್ಳೆಯ ಬೆಲೆ ಕೊಡಿ. ಅಜ್ಞಾನದ ಲಾಭ ಪಡೆದು ತಂದ ಹಾಳೆ ಗೋಡೆಯ ಮೇಲೆ ಇದ್ದರೂ ಮನಸ್ಸಿಗೆ ಒಗ್ಗುವುದಿಲ್ಲ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ನಾಲ್ಕು ಫೋಟೋ ಕೇಳಿ: ಇಡೀ ಹಾಳೆ, ಹಿಂಬದಿ, ಕೆಳಗಿನ ಅಂಚು ಹತ್ತಿರದಿಂದ, ಓರೆ ಬೆಳಕಿನಲ್ಲಿ ಮಡಿಕೆ. ಹಿಂಬದಿಯ ಫೋಟೋ ಕೊಡಲು ಹಿಂದೆ ಮುಂದೆ ನೋಡುವವರ ಹತ್ತಿರ ನಾನು ಕೊಳ್ಳುವುದಿಲ್ಲ.

6. ಬೆಲೆ

ಬೆಲೆಗೆ ಪಟ್ಟಿ ಇಲ್ಲ. ಜಾಸ್ತಿ ಆಗುವುದು ಸಿನಿಮಾದ ಹೆಸರಿನಿಂದ, ಮೊದಲ ಬಿಡುಗಡೆಯದೋ ಅಲ್ಲವೋ ಅನ್ನುವುದರಿಂದ, ಚಿತ್ರದ ಸೊಗಸಿನಿಂದ, ಕೊನೆಗೆ ಹಾಳೆಯ ಸ್ಥಿತಿಯಿಂದ. ಅಂಚಿನ ಸಣ್ಣ ಹರುಕು, ಪಿನ್ ತೂತು, ಮಡಿಕೆಯ ಸವೆತ ಇದ್ದರೆ ಪರವಾಗಿಲ್ಲ. ಮುಖದ ಮೇಲಿನ ಕಲೆ, ಕತ್ತರಿಸಿದ ಅಂಚು, ಲ್ಯಾಮಿನೇಷನ್, ಈ ಮೂರರಲ್ಲಿ ಒಂದಿದ್ದರೂ ನಾನು ಅರ್ಧಕ್ಕಿಂತ ಕೆಳಗೆ ಕೇಳುತ್ತೇನೆ. ಲ್ಯಾಮಿನೇಷನ್ ಮಾಡಿದ ಹಾಳೆ ಮತ್ತೆ ಹಾಳೆಯಾಗುವುದಿಲ್ಲ.

ಚೌಕಾಸಿ ಮಾಡಿ, ಆದರೆ ಒಂದೇ ಹಾಳೆಗೆ ಅಂಟಿಕೊಂಡು ಜಗಳ ಆಡಬೇಡಿ. ಎರಡು ಮೂರು ಸಲ ಹೋಗಿ ಮುಖ ಪರಿಚಯವಾದ ಮೇಲೆ ಒಳಗಿನ ಕಟ್ಟು ಹೊರಗೆ ಬರುತ್ತದೆ. ರಸೀದಿ ಕೇಳಿ. ಅದರಲ್ಲಿ "ಮೂಲ ಮುದ್ರಣ" ಅಂತಲೋ "ಮರುಮುದ್ರಣ" ಅಂತಲೋ ಬರೆಸಿ. ಬರೆಯುವಾಗ ಕೈ ತಡೆದರೆ ಉತ್ತರ ಸಿಕ್ಕಿತು ಅಂತಲೇ ಅರ್ಥ, ಅಲ್ವಾ?

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. 1972ರ ಪುರಾತನ ವಸ್ತು ಕಾಯ್ದೆಯಲ್ಲಿ ಸಾಮಾನ್ಯ ವಸ್ತುಗಳಿಗೆ 100 ವರ್ಷ, ಹಸ್ತಪ್ರತಿ ಮತ್ತು ದಾಖಲೆಗಳಿಗೆ 75 ವರ್ಷ ಆಗಿದ್ದರೆ ಪುರಾತನ ಅನ್ನುವ ಲೆಕ್ಕ ಇದೆ. ಅಷ್ಟು ಹಳೆಯ ಹಾಳೆ ಕೈಗೆ ಬಂದರೆ ಸೂಟ್‌ಕೇಸಿಗೆ ಹಾಕುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಇನ್ನೊಂದು, ಪೋಸ್ಟರ್ ನಿಮ್ಮದಾದರೂ ಅದನ್ನು ಮತ್ತೆ ಮುದ್ರಿಸಿ ಮಾರುವ ಹಕ್ಕು ನಿಮ್ಮದಾಗುವುದಿಲ್ಲ.

7. ಮನೆಗೆ ತಂದ ಮೇಲೆ

ಮೊದಲ ದಿನ ಏನೂ ಮಾಡಬೇಡಿ. ಸ್ವಚ್ಛವಾದ ಹತ್ತಿ ಬಟ್ಟೆ ಹಾಸಿ, ಹಾಳೆ ಬಿಡಿಸಿ, ಎರಡೂ ಬದಿ ನೋಡಿ. ಹುಳ ಇದ್ದರೆ ಬೇರೆ ಪೋಸ್ಟರ್‌ಗಳಿಂದ ದೂರ ಇಡಿ. ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ನಡುವಿನಿಂದ ಹೊರಗೆ ಸರಿಸಿ. ನೀರು ಮುಟ್ಟಿಸಬೇಡಿ. ಇಸ್ತ್ರಿ ಪೆಟ್ಟಿಗೆ ಇಡಬೇಡಿ. ಮಡಿಕೆ ಹೋಗಲಿ ಅಂತ ಇಸ್ತ್ರಿ ಮಾಡಿ ಕಾಗದ ಹಪ್ಪಳವಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ. ಶಾಖ ತಾಗಿದರೆ ಇನ್ನೂ ಬೇಗ ಪುಡಿಯಾಗುತ್ತದೆ.

ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ. ಕೆಲವು ವರ್ಷದಲ್ಲಿ ಟೇಪ್ ಉದುರಿ ಅದರ ಗೋಂದು ಕಂದು ಕಲೆಯಾಗಿ ಉಳಿಯುತ್ತದೆ. ಫೆವಿಕಾಲ್ ಕೂಡ ಬೇಡ. ಒಮ್ಮೆ ಹಚ್ಚಿದರೆ ಬಿಡಿಸಲು ಆಗುವುದಿಲ್ಲ. ಮೈದಾ ಅಂಟು ಮನೆಯದೇ ಅಲ್ವಾ ಅನ್ನಬೇಡಿ, ಅದು ಹುಳಗಳಿಗೆ ಊಟ. ದುರಸ್ತಿ ಅಗತ್ಯವಿದ್ದರೆ ಬಲ್ಲವರ ಕೈಗೆ ಕೊಡಿ. ಅವರು ಶುದ್ಧ ಮಾಡಿದ ಗೋಧಿ ಗಂಜಿಯ ಅಂಟು, ತೆಳುವಾದ ಜಪಾನಿ ಕಾಗದ ಬಳಸುತ್ತಾರೆ. ಅದನ್ನು ಮುಂದೆ ಬಿಡಿಸಬಹುದು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆಗಿರುವ, ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಇದೆ. ಬೆಲೆಬಾಳುವ ಹಾಳೆಗೆ ಕೈ ಹಾಕುವ ಮೊದಲು ಅಲ್ಲಿ ಕೇಳಿ. ಹಾಳೆಯ ಹಿಂಬದಿಗೆ ಬಟ್ಟೆ ಅಂಟಿಸುವುದು ತೀರಾ ಹರಿದದ್ದಕ್ಕೆ ಮಾತ್ರ. ಹಿಂಬದಿಯ ಮುದ್ರೆ, ಬರಹ ಅದರಿಂದ ಮುಚ್ಚಿಹೋಗುತ್ತದೆ. ಮೊದಲು ಫೋಟೋ ತೆಗೆದಿಡಿ.

ಇಡುವುದು ಹೇಗೆ? ಹರವಿ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಎಂಜಿನಿಯರ್ ಕಚೇರಿಗಳಲ್ಲಿ ನಕ್ಷೆ ಇಡುವ ಅಗಲವಾದ ಡ್ರಾಯರ್ ಹಳೆಯ ಸಾಮಾನಿನವರ ಹತ್ತಿರ ಸಿಗುತ್ತದೆ. ಆಮ್ಲವಿಲ್ಲದ ಕಾಗದ ನಡುವೆ ಹಾಕಿ. ಪ್ಲಾಸ್ಟಿಕ್ ಕವರ್ ಬೇಕೆಂದರೆ ಪಾಲಿಯೆಸ್ಟರ್ ಹಾಳೆಯದು ಕೇಳಿ, ಪಿವಿಸಿ ಬೇಡ. ಜಾಗ ಇಲ್ಲದಿದ್ದರೆ ದಪ್ಪ ಕೊಳವೆಗೆ ಹೊರಗಿನಿಂದ ಸುತ್ತಿ. ಸಣ್ಣ ಕೊಳವೆಯೊಳಗೆ ತುರುಕಬೇಡಿ.

ಮಳೆಗಾಲ ನಮ್ಮ ದೊಡ್ಡ ಶತ್ರು. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ. ತೇವ ಅಳೆಯುವ ಪುಟ್ಟ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಒಂದು ಡ್ರಾಯರಿನಲ್ಲಿ ಇಡಿ. ಶೇಕಡಾ 50ರ ಆಸುಪಾಸು ಇದ್ದರೆ ನೆಮ್ಮದಿ. 65 ದಾಟಿದರೆ ಬೂಷ್ಟು ಹಿಡಿಯುವ ಭಯ. ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಬೇಡಿ. ನಮ್ಮ ಮನೆಯಲ್ಲಿ ಒಣ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಡ್ರಾಯರಿನ ಮೂಲೆಗೆ ಇಡುತ್ತೇವೆ. ಅದಕ್ಕಿಂತ ಮುಖ್ಯ, ತಿಂಗಳಿಗೊಮ್ಮೆ ತೆರೆದು ನೋಡುವುದು.

ಗೋಡೆಗೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹಾಕಿ. ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ರಟ್ಟಿನ ಪಟ್ಟಿ ಕೊಡಿಸಿ. ತಾಗಿದರೆ ತೇವಕ್ಕೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ. ಹಿಂದಿನ ರಟ್ಟು ಆಮ್ಲವಿಲ್ಲದ್ದೇ ಇರಲಿ, ಪ್ಲೈವುಡ್ ಬೇಡ. ಚೌಕಟ್ಟಿನವರಿಗೆ ಎರಡೆರಡು ಸಲ ಹೇಳಿ: ಅಂಚು ಕತ್ತರಿಸಬೇಡಿ, ಚೌಕಟ್ಟನ್ನೇ ದೊಡ್ಡದು ಮಾಡಿ. ಬಿಸಿಲು ಬೀಳುವ ಗೋಡೆ, ಮಳೆ ಹೊಡೆಯುವ ಹೊರಗೋಡೆ ಎರಡೂ ಬೇಡ. ಅಂಗಡಿ ಮುಂದೆ ಬಿಸಿಲಿಗೆ ಇಟ್ಟ ಜಾಹೀರಾತು ಕೊನೆಗೆ ಬರೀ ನೀಲಿಯಾಗುವುದನ್ನು ನೋಡಿರುತ್ತೀರಿ. ಕೆಂಪು, ಹಳದಿ ಮೊದಲು ಹೋಗುತ್ತವೆ. ನಾನು ಒಂದು ಹಾಳೆಯನ್ನು ಆರು ತಿಂಗಳು ಹಾಕಿ ಮತ್ತೆ ಡ್ರಾಯರಿಗೆ ಕಳಿಸುತ್ತೇನೆ.

8. ಒಂದು ನೋಟ್‌ಬುಕ್

ಪ್ರತಿ ಹಾಳೆಗೂ ಅರ್ಧ ಪುಟ ಮೀಸಲಿಡಿ. ಸಿನಿಮಾ, ವರ್ಷ, ಅಳತೆ, ಮುದ್ರಕರ ಸಾಲು ಇದ್ದದ್ದು ಇದ್ದ ಹಾಗೆ, ಕಲಾವಿದರ ಸಹಿ, ಹಿಂಬದಿಯ ಮುದ್ರೆ, ಎಲ್ಲಿ ಯಾವಾಗ ಎಷ್ಟಕ್ಕೆ ಕೊಂಡಿರಿ ಅನ್ನುವುದು, ಇರುವ ದೋಷಗಳು. ಪೋಸ್ಟರಿನ ಮೇಲೆ ಪೆನ್ನಿನಿಂದ ಏನೂ ಬರೆಯಬೇಡಿ. ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಹಾಕಿದರೆ ಸಾಕು.

ನನ್ನ ನೋಟ್‌ಬುಕ್ಕಿನ 23ನೇ ಸಂಖ್ಯೆಯ ಹಾಳೆ ಬಯಲುಸೀಮೆಯ ಒಂದು ಮುಚ್ಚಿದ ಟಾಕೀಸಿನ ಅಟ್ಟದಿಂದ ಬಂದದ್ದು. ಅರ್ಧ ಶೀಟು, 1970ರ ದಶಕದ ಮರುಬಿಡುಗಡೆ, ಬೆಲೆಯೇನೂ ದೊಡ್ಡದಲ್ಲ. ಅದರ ಮೇಲೆ ಹಿಂದಿ, ಇಂಗ್ಲಿಷ್, ಉರ್ದು ಮೂರರಲ್ಲೂ ಸಿನಿಮಾದ ಹೆಸರಿದೆ. ನಾಯಕನ ಎದೆಯ ಮೇಲೆ ಅಡ್ಡಲಾಗಿ ಗುಲಾಬಿ ಬಣ್ಣದ ಒಂದು ಪಟ್ಟಿ ಅಂಟಿಸಿದ್ದಾರೆ: "ಇಂದಿನಿಂದ, ದಿನಾ 3 ಆಟಗಳು." ಊರಿನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ ಹೊಡೆಸಿದ್ದು. "ಆ" ಅಕ್ಷರದ ತಲೆ ಸ್ವಲ್ಪ ಮುರಿದಿದೆ. ನೋಡಿದವರೆಲ್ಲ ಆ ಪಟ್ಟಿ ಬಿಡಿಸಿದರೆ ಚಿತ್ರ ಚೆನ್ನಾಗಿ ಕಾಣುತ್ತೆ ಅನ್ನುತ್ತಾರೆ. ದೋಷಗಳ ಸಾಲಿನಲ್ಲಿ ನಾನು ಬರೆದಿರುವುದು ಇಷ್ಟು: "ಎಡ ಮೂಲೆಯಲ್ಲಿ ಅರ್ಧ ಇಂಚು ಹರುಕು. ಪಟ್ಟಿ ಗಟ್ಟಿಯಾಗಿದೆ, ಬಿಡಿಸಬಾರದು."